ಯಕೃತ್ತಿನ ಚಪ್ಪಟೆ ಹುಳುವಿನ ಸೋಂಕು ಕಣ್ಣಿನ ರಕ್ತಸಂಚಾರವನ್ನು ಬಾಧಿಸಬಹುದೇ?

ತೋಮ್ ತೀರದವ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಪಶ್ಚಿಮ ಸೈಬೀರಿಯದ ತೋಮ್ಸ್ಕ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಓಬ್ ಮತ್ತು ಇರ್ತಿಶ್ ನದಿಗಳ ಜಲಾನಯನ ಪ್ರದೇಶವು ಒಪಿಸ್ತೋರ್ಕಿಸ್ ಫೆಲಿನಿಯಸ್ ಎಂಬ ಚಪ್ಪಟೆ ಹುಳುವಿನ ಅತಿದೊಡ್ಡ ನೆಲೆ. ಇಟಲಿಯ ರಿವೋಲ್ತಾ 1884ರಲ್ಲಿ ಪ್ರಾಣಿಗಳಲ್ಲಿ ಗುರುತಿಸಿದ್ದ ಈ ಹುಳುವನ್ನು ಮನುಷ್ಯನ ಯಕೃತ್ತಿನಲ್ಲಿ ಮೊದಲು ಕಂಡವರು ಇದೇ ತೋಮ್ಸ್ಕ್ ವಿಶ್ವವಿದ್ಯಾಲಯದ ವಿನೊಗ್ರಾದೊವ್. ಅದು 1891ರಲ್ಲಿ, ಒಂದು ಶವಪರೀಕ್ಷೆಯ ವೇಳೆ. ಹಾಗಾಗಿ ಇಲ್ಲಿ ಯಾವ ವಿಭಾಗದ ಪಾಳಿಗೆ ಹೋದರೂ ಈ ರೋಗದ ಹೆಸರು ಕಿವಿಗೆ ಬೀಳದೆ ಇರುವುದಿಲ್ಲ.

ಕಣ್ಣಿನ ವಿಭಾಗದ ಪಾಳಿಯಲ್ಲಿದ್ದಾಗ ನನಗೆ ಹುಟ್ಟಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಹುಳುವು ಪಿತ್ತನಾಳಗಳಲ್ಲಿ ಹತ್ತಿಪ್ಪತ್ತು ವರ್ಷ ಬದುಕಬಲ್ಲದು. ಅಷ್ಟು ದೀರ್ಘಕಾಲ ಯಕೃತ್ತಿನಲ್ಲಿ ಉರಿಯೂತ ಇರುವ ವ್ಯಕ್ತಿಯ ಕಣ್ಣಿನ ಒಳಗಿನ ರಕ್ತಸಂಚಾರ ಆರೋಗ್ಯವಂತನದರಂತೆಯೇ ಇರುತ್ತದೆಯೇ? ಬೇರೆಯಾಗಿದ್ದರೆ ಯಾವ ದಾರಿಯಿಂದ ಬೇರೆಯಾಗುತ್ತದೆ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರಿಕೆ.

ನೇತ್ರವೈದ್ಯೆ, ಹುಬ್ಬಳ್ಳಿ:

ಒಳ್ಳೆಯ ಪ್ರಶ್ನೆ. ಉತ್ತರಿಸುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ದೇಶದ ಕಣ್ಣಿನ ವೈದ್ಯರಿಗೆ ಪರಾವಲಂಬಿ ಎಂದೊಡನೆ ನೆನಪಾಗುವುದು ಲಾಡಿಹುಳುವಿನ ಮರಿಯಿಂದ ಬರುವ ಸಿಸ್ಟಿಸರ್ಕೋಸಿಸ್. ಅಲ್ಲಿ ಮರಿಯೇ ರಕ್ತದ ಮೂಲಕ ಬಂದು ಅಕ್ಷಿಪಟಲದ (ರೆಟಿನಾದ) ಅಡಿಯಲ್ಲೋ ಕಣ್ಣಿನ ಜೆಲ್ಲಿಯಂಥ ದ್ರವದಲ್ಲೋ ಕೂರುತ್ತದೆ, ಕೆಲವೊಮ್ಮೆ ಅದರ ಚಲನೆಯನ್ನೂ ನಾವು ಕಣ್ಣಾರೆ ನೋಡಬಹುದು. ನಾಯಿಯ ಹುಳುವಾದ ಟೊಕ್ಸೊಕಾರದ ಮರಿಯೂ ಹಾಗೆಯೇ ಕಣ್ಣಿಗೆ ತಲುಪುತ್ತದೆ. ನೀವು ಹೇಳುವ ಹುಳುವಿಗೆ ಅಂತಹ ಅಲೆದಾಟ ಇದೆಯೇ? ಇದ್ದರೆ ಚರ್ಚೆಯ ದಿಕ್ಕೇ ಬೇರೆ, ಇಲ್ಲದಿದ್ದರೆ ಬೇರೆ.

ಪಶುವೈದ್ಯ, ಬೀದರ್:

ಈ ಭಾಗಕ್ಕೆ ನಾನು ಉತ್ತರಿಸಬಲ್ಲೆ ಮೇಡಂ. ನಮ್ಮ ಎಮ್ಮೆ, ದನ, ಕುರಿಗಳಲ್ಲಿ ಕಾಣುವ ಫ್ಯಾಸಿಯೋಲ ಎಂಬ ಯಕೃತ್ತಿನ ಹುಳುವಿನ ಮರಿ ಕರುಳಿನ ಗೋಡೆಯನ್ನು ಕೊರೆದು, ಹೊಟ್ಟೆಯ ಪೊಳ್ಳನ್ನು ದಾಟಿ, ಯಕೃತ್ತಿನ ಹೊದಿಕೆಯನ್ನು ತೂರಿಕೊಂಡು ಅದರ ತಿರುಳಿನ ಮೂಲಕ ಪಿತ್ತನಾಳವನ್ನು ಸೇರುತ್ತದೆ. ಅಷ್ಟು ಅಡ್ಡಾಡುವ ಹುಳುವಾದ್ದರಿಂದ ಅದು ಮನುಷ್ಯನಲ್ಲಿ ದಾರಿ ತಪ್ಪಿ ಚರ್ಮದ ಅಡಿಗೂ, ಬಹಳ ಅಪರೂಪಕ್ಕೆ ಕಣ್ಣಿಗೂ ಹೋದದ್ದುಂಟು. ಒಪಿಸ್ತೋರ್ಕಿಸ್ ಹಾಗಲ್ಲ. ಅದರ ಮೊಟ್ಟೆಯನ್ನು ಸಿಹಿನೀರಿನ ಬಿತಿನಿಯ ಗುಂಪಿನ ಬಸವನಹುಳು ನುಂಗುತ್ತದೆ, ಅಲ್ಲಿಂದ ಹೊರಬಂದ ಬಾಲವಿರುವ ಮರಿಗಳು ಕಾರ್ಪ್ ಕುಟುಂಬದ ಮೀನಿನ ಸ್ನಾಯುವಿನಲ್ಲಿ ಕೋಶ ಕಟ್ಟಿಕೊಳ್ಳುತ್ತವೆ, ಆ ಮೀನನ್ನು ಸರಿಯಾಗಿ ಬೇಯಿಸದೆ ತಿಂದ ಮನುಷ್ಯ, ಬೆಕ್ಕು, ನಾಯಿ, ನರಿಗಳ ಸಣ್ಣ ಕರುಳಿನಲ್ಲಿ ಕೋಶ ಒಡೆಯುತ್ತದೆ. ಆಮೇಲೆ ಮರಿಯು ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಿಯಿಂದಲೇ ನೇರವಾಗಿ ಮೇಲಕ್ಕೆ ಹತ್ತುತ್ತದೆ. ರಕ್ತನಾಳದ ಒಳಗೆ ಅದು ಎಂದೂ ಕಾಲಿಡುವುದಿಲ್ಲ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಬೆಳೆದ ಹುಳು ಪಿತ್ತನಾಳದಲ್ಲಿ, ಕೆಲವೊಮ್ಮೆ ಪಿತ್ತಕೋಶದಲ್ಲಿ ಮತ್ತು ಮೇದೋಜೀರಕದ ನಾಳದಲ್ಲಿ ಇರುತ್ತದೆ, ಅಷ್ಟೆ.

ನೇತ್ರವೈದ್ಯೆ, ಹುಬ್ಬಳ್ಳಿ:

ಧನ್ಯವಾದಗಳು. ಹಾಗಾದರೆ ಹುಳು ಕಣ್ಣಿಗೆ ಬರುವುದಿಲ್ಲ, ಹುಳುವಿನ ಪರಿಣಾಮವಷ್ಟೇ ಬರಬೇಕು. ಅದೂ ರಕ್ತದ ಮೂಲಕ ಬರಬೇಕು. ಇದನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ವೈದ್ಯರಲ್ಲದ ಓದುಗರಿಗಾಗಿ ಕಣ್ಣಿನ ರಕ್ತಸಂಚಾರದ ರಚನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಅಡಗಿದೆ. ಕತ್ತಿನ ಒಳ ಕೆರೋಟಿಡ್ ಧಮನಿಯಿಂದ ಕಣ್ಣಿನ ಧಮನಿ ಕವಲೊಡೆಯುತ್ತದೆ. ಅದರಿಂದ ಎರಡು ಪ್ರತ್ಯೇಕ ವ್ಯವಸ್ಥೆಗಳು ಹುಟ್ಟುತ್ತವೆ. ಒಂದು, ದೃಷ್ಟಿನರದ ನಡುವಿನಿಂದ ಒಳಬರುವ ಅಕ್ಷಿಪಟಲದ ಕೇಂದ್ರ ಧಮನಿ. ಇದು ಅಕ್ಷಿಪಟಲದ ಒಳಪದರಗಳಿಗೆ ರಕ್ತ ಕೊಡುತ್ತದೆ. ಇನ್ನೊಂದು, ಹಿಂಭಾಗದ ಸಿಲಿಯರಿ ಧಮನಿಗಳು. ಇವು ಅಕ್ಷಿಪಟಲದ ಹಿಂದಿರುವ ಕೋರಾಯ್ಡ್ ಎಂಬ ರಕ್ತನಾಳಗಳ ಪದರವನ್ನು ತುಂಬಿಸುತ್ತವೆ. ಕಣ್ಣಿಗೆ ಬರುವ ರಕ್ತದಲ್ಲಿ ಸುಮಾರು 85 ಶೇಕಡಾ ಈ ಕೋರಾಯ್ಡ್‌ಗೆ ಹೋಗುತ್ತದೆ, ಅಕ್ಷಿಪಟಲದ ಪಾಲು ತೀರ ಕಡಿಮೆ.

ಎರಡರ ಸ್ವಭಾವವೂ ಬೇರೆ. ಅಕ್ಷಿಪಟಲದ ನಾಳಗಳಿಗೆ ಸ್ವಾಯತ್ತ ನರಗಳ ಹಿಡಿತವಿಲ್ಲ; ದೇಹದಲ್ಲಿ ಒತ್ತಡ ಏರಿಳಿದರೂ ಅವು ತಮ್ಮ ವ್ಯಾಸವನ್ನು ತಾವೇ ಹೊಂದಿಸಿಕೊಂಡು ಹರಿವನ್ನು ಸ್ಥಿರವಾಗಿಡುತ್ತವೆ. ಅವುಗಳ ಗೋಡೆಯೂ ಬಿಗಿ, ರಕ್ತದಲ್ಲಿ ತೇಲುವ ವಸ್ತುಗಳು ಸುಲಭವಾಗಿ ಹೊರಗೆ ಸೋರುವುದಿಲ್ಲ. ಕೋರಾಯ್ಡ್‌ನ ಸೂಕ್ಷ್ಮನಾಳಗಳ ಗೋಡೆಯಲ್ಲಿ ಮಾತ್ರ ರಂಧ್ರಗಳಿವೆ, ನರಗಳ ಜಾಲವೂ ದಟ್ಟವಾಗಿದೆ, ಅಲರ್ಜಿಯಲ್ಲಿ ಹಿಸ್ಟಮಿನ್ ಬಿಡುಗಡೆ ಮಾಡುವ ಮಾಸ್ಟ್ ಕೋಶಗಳೂ ಅಲ್ಲಿ ಸಾಕಷ್ಟಿವೆ. ಆದ್ದರಿಂದ ದೂರದ ಅಂಗದ ಉರಿಯೂತವೊಂದು ಕಣ್ಣನ್ನು ಮುಟ್ಟುವುದಾದರೆ ಮೊದಲು ಮುಟ್ಟುವುದು ಕೋರಾಯ್ಡನ್ನು ಎಂದು ನನ್ನ ಅಭಿಪ್ರಾಯ.

ಜಠರತಜ್ಞ, ಮಂಗಳೂರು:

ಮೇಡಂ ಅವರ ವಿವರಣೆಗೆ ಯಕೃತ್ತಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಯಕೃತ್ತಿನ ರೋಗ ದೂರದ ರಕ್ತನಾಳಗಳನ್ನು ಬದಲಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸಿರೋಸಿಸ್, ಅಂದರೆ ಯಕೃತ್ತು ನಾರುಗಟ್ಟಿ ಗಟ್ಟಿಯಾಗುವ ರೋಗ ಆದವರಲ್ಲಿ ನೈಟ್ರಿಕ್ ಆಕ್ಸೈಡ್ ಮುಂತಾದ ವಸ್ತುಗಳಿಂದ ಹೊಟ್ಟೆಯ ಭಾಗದ ಧಮನಿಗಳು ಹಿಗ್ಗಿ, ದೇಹದ ಒಟ್ಟು ರಕ್ತದೊತ್ತಡ ತಗ್ಗಿ, ಹೃದಯ ವೇಗವಾಗಿ ದುಡಿಯಬೇಕಾಗುತ್ತದೆ. ಅದೇ ರೋಗಿಯ ಶ್ವಾಸಕೋಶದ ಸೂಕ್ಷ್ಮನಾಳಗಳು ಹಿಗ್ಗಿ ಆಮ್ಲಜನಕ ಕಡಿಮೆಯಾಗುವುದುಂಟು, ಮೂತ್ರಪಿಂಡದ ನಾಳಗಳು ಮಾತ್ರ ಬಿಗಿದುಕೊಂಡು ಮೂತ್ರ ನಿಲ್ಲುವುದೂ ಉಂಟು. ಒಂದೇ ಯಕೃತ್ತು, ಒಂದು ಅಂಗದಲ್ಲಿ ನಾಳ ಸಡಿಲ, ಇನ್ನೊಂದರಲ್ಲಿ ಬಿಗಿ. ಹೀಗಿರುವಾಗ ಕಣ್ಣಿನಲ್ಲಿ ಯಾವುದಾಗುತ್ತದೆ ಎಂದು ಊಹೆಯಿಂದ ಹೇಳಲು ಬರುವುದಿಲ್ಲ, ಅಳೆದೇ ನೋಡಬೇಕು.

ಇನ್ನು ಈ ವಾದವನ್ನು ಒಪಿಸ್ತೋರ್ಕಿಸ್‌ಗೆ ಹಾಗೇ ಅಂಟಿಸುವುದು ಸರಿಯಲ್ಲ. ಈ ರೋಗದ ಮುಖ್ಯ ಪೆಟ್ಟು ಪಿತ್ತನಾಳಗಳ ಮೇಲೆ. ನಾಳದ ಒಳಪದರ ದಪ್ಪವಾಗುತ್ತದೆ, ಸುತ್ತ ನಾರು ಬೆಳೆಯುತ್ತದೆ, ಪಿತ್ತ ನಿಲ್ಲುತ್ತದೆ, ಸೋಂಕು ಮರುಕಳಿಸುತ್ತದೆ. ಯಕೃತ್ತಿಗೆ ಹೋಗುವ ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಏರುವುದು ಇಲ್ಲಿ ಸಾಮಾನ್ಯ ಲಕ್ಷಣವಲ್ಲ. ಆ ಚಿತ್ರ ಸರಿಹೊಂದುವುದು ಶಿಸ್ಟೊಸೋಮ ಹುಳುವಿಗೆ: 1851ರಲ್ಲಿ ಕೈರೋದಲ್ಲಿ ಜರ್ಮನ್ ವೈದ್ಯ ಬಿಲ್ಹಾರ್ಟ್ಸ್ ಅದನ್ನು ಕಂಡದ್ದೇ ಪೋರ್ಟಲ್ ಅಭಿಧಮನಿಯ ರಕ್ತದಲ್ಲಿ, ಅದರ ಮೊಟ್ಟೆಗಳು ಯಕೃತ್ತಿನೊಳಗಿನ ಅದೇ ಅಭಿಧಮನಿಯ ಕವಲುಗಳಲ್ಲಿ ಸಿಕ್ಕಿಕೊಂಡು ಸುತ್ತ ನಾರು ಕಟ್ಟಿಸುತ್ತವೆ, ಗುಲ್ಮ ಊದಿಕೊಳ್ಳುತ್ತದೆ. ಸೈಬೀರಿಯದ ರೋಗಿಗೆ ಈಜಿಪ್ಟಿನ ರೋಗಿಯ ರಕ್ತಸಂಚಾರದ ಕಥೆಯನ್ನು ಹೇಳಬಾರದು.

ತೋಮ್ ತೀರದವ:

ಸರ್, ಇದು ನನ್ನ ತಲೆಯಲ್ಲಿದ್ದ ಗೊಂದಲವನ್ನು ಬಹಳಷ್ಟು ಬಿಡಿಸಿತು. ಹಾಗಾದರೆ ಪೋರ್ಟಲ್ ಒತ್ತಡವನ್ನು ಬದಿಗಿಟ್ಟರೆ ಉಳಿಯುವ ದಾರಿಗಳು ಯಾವುವು?

ಜಠರತಜ್ಞ, ಮಂಗಳೂರು:

ನನಗೆ ಎರಡು ಕಾಣುತ್ತವೆ.

ಮೊದಲನೆಯದು ಮತ್ತು ಬಲವಾದದ್ದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ. ಸೋಂಕಿನ ಮೊದಲ ವಾರಗಳಲ್ಲಿ ಜ್ವರ, ಮೈಮೇಲೆ ಗಂಧೆ, ಕೀಲುನೋವಿನೊಡನೆ ಈ ಕಣಗಳ ಪ್ರಮಾಣ ವಿಪರೀತ ಏರುತ್ತದೆ. ಇವುಗಳ ಕಣಿಕೆಗಳಲ್ಲಿರುವ ಪ್ರೋಟೀನುಗಳು ರಕ್ತನಾಳದ ಒಳಪದರಕ್ಕೆ ವಿಷದಂತೆ, ಮೇಲಾಗಿ ರಕ್ತ ಹೆಪ್ಪುಗಟ್ಟುವುದನ್ನು ಅವು ಪ್ರಚೋದಿಸುತ್ತವೆ. ಯಾವ ಪರಾವಲಂಬಿಯೂ ಇಲ್ಲದೆ, ಬೇರೆ ಕಾರಣದಿಂದ ಇಯೊಸಿನೊಫಿಲ್ ಬಹಳ ಹೆಚ್ಚಾದವರಲ್ಲಿ ಕೋರಾಯ್ಡ್ ತುಂಬುವುದು ತಡವಾಗುವುದು, ಅಕ್ಷಿಪಟಲದ ನಾಳ ಮುಚ್ಚಿಹೋಗುವುದು ವೈದ್ಯರಿಗೆ ಪರಿಚಿತ. ಆದರೆ ದೀರ್ಘಕಾಲದ ಹಂತದಲ್ಲಿ ಈ ಏರಿಕೆ ಸೌಮ್ಯವಾಗಿರುತ್ತದೆ ಅಥವಾ ಇರುವುದೇ ಇಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು ಪಿತ್ತ. ಪಿತ್ತ ನಿಂತಾಗ ಪಿತ್ತಾಮ್ಲಗಳು ರಕ್ತಕ್ಕೆ ಸೇರುತ್ತವೆ. ಅವು ಧಮನಿಯ ಸ್ನಾಯುವನ್ನು ಸಡಿಲಿಸುತ್ತವೆ, ಹೃದಯದ ಬಡಿತವನ್ನು ನಿಧಾನಿಸುತ್ತವೆ. ಇದರ ಜೊತೆಗೆ ಇನ್ನೊಂದು ಸಂಗತಿ ಇದೆ, ಅದು ರಕ್ತಸಂಚಾರಕ್ಕೆ ಸಂಬಂಧಿಸಿದ್ದಲ್ಲ: ಪಿತ್ತವು ಕರುಳಿಗೆ ಇಳಿಯದಿದ್ದರೆ ಕೊಬ್ಬಿನಲ್ಲಿ ಕರಗುವ ಎ ಜೀವಸತ್ವ ಹೀರಲ್ಪಡುವುದಿಲ್ಲ. ಯಕೃತ್ತಿನ ರೋಗಿ ಸಂಜೆ ಹೊತ್ತು ಕಣ್ಣು ಮಂಜಾಗುತ್ತದೆ ಎಂದರೆ ಅದಕ್ಕೆ ರಕ್ತದ ಹರಿವೇ ಕಾರಣವೆಂದು ತಿಳಿಯುವ ಮುನ್ನ ಇರುಳುಗುರುಡನ್ನು ನೆನೆಯಬೇಕು.

ಕಾರವಾರದವ:

ನಾನು ವೈದ್ಯನಲ್ಲ, ಮೀನು ತಿನ್ನುವವನು. ನಮ್ಮ ಮನೆಯಲ್ಲಿ ಬಾಂಗಡೆ, ಇಸ್ವಾಣವಿಲ್ಲದೆ ಊಟವಿಲ್ಲ, ಮಳೆಗಾಲಕ್ಕೆ ಒಣಮೀನು ಬೇರೆ. ಇದನ್ನೆಲ್ಲ ಓದಿ ಮನೆಯವರು ಹೆದರಿದ್ದಾರೆ. ನಮಗೆ ಈ ಹುಳುವಿನ ಭಯವಿದೆಯೇ?

ಪಶುವೈದ್ಯ, ಬೀದರ್:

ಈ ಹುಳುವಿನ ವಿಷಯದಲ್ಲಿ ಹೆದರುವ ಕಾರಣವಿಲ್ಲ. ಇದು ಸಿಹಿನೀರಿನ ಕಾರ್ಪ್ ಜಾತಿಯ ಮೀನಿನಲ್ಲಿ ಮಾತ್ರ ಬೆಳೆಯುವಂಥದ್ದು, ಸಮುದ್ರದ ಮೀನಿನಲ್ಲಿ ಇರುವುದಿಲ್ಲ; ಒಣಮೀನನ್ನೂ ನಾವು ಹುರಿದೋ ಸಾರು ಮಾಡಿಯೋ ತಿನ್ನುತ್ತೇವೆ. ಸೈಬೀರಿಯದ ಕಷ್ಟವೇ ಬೇರೆ. ಅಲ್ಲಿ ನದಿಯ ಮೀನಿಗೆ ಉಪ್ಪು ಹಾಕಿ ಒಣಗಿಸಿ ಹಾಗೆಯೇ ತಿನ್ನುವ ರೂಢಿಯಿದೆ, ಉಪ್ಪು ಸಾಲದಿದ್ದರೆ, ದಿನ ಸಾಲದಿದ್ದರೆ ಮರಿಗಳು ಬದುಕಿಯೇ ಇರುತ್ತವೆ.

ತೋಮ್ ತೀರದವ:

ಹೌದು. ಇಲ್ಲಿ ಯಾಜ್, ಯೆಲೆತ್ಸ್, ಚೆಬಾಕ್ ಎಂಬ ಮೀನುಗಳೇ ಮುಖ್ಯ ವಾಹಕಗಳು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮೀನನ್ನು ತೆಳುವಾಗಿ ಹೆರೆದು ಹಸಿಯಾಗಿ ತಿನ್ನುವ ಸ್ತ್ರೊಗಾನಿನಾ ಎಂಬ ತಿನಿಸನ್ನು ಹೊಸಬರು ಬಹಳ ದೂರುತ್ತಾರೆ, ಆದರೆ ಅದಕ್ಕೆ ಬಳಸುವ ಮುಕ್ಸುನ್, ನೆಲ್ಮಾ ಕಾರ್ಪ್ ಕುಟುಂಬದವಲ್ಲ, ಅವುಗಳಿಂದ ಒಪಿಸ್ತೋರ್ಕಿಸ್ ಬರುವುದಿಲ್ಲ. ಬೇರೆ ಹುಳು ಬರಬಹುದು, ಅದು ಬೇರೆ ಮಾತು. ರಷ್ಯಾದ ನೈರ್ಮಲ್ಯ ನಿಯಮದ ಪ್ರಕಾರ ಮರಿಗಳು ಸಾಯಬೇಕಾದರೆ ಮೀನಿನ ಒಳಭಾಗ ಮೈನಸ್ 40 ಡಿಗ್ರಿಯಲ್ಲಿ 7 ಗಂಟೆ, ಮೈನಸ್ 35ರಲ್ಲಿ 14 ಗಂಟೆ, ಮೈನಸ್ 28ರಲ್ಲಿ 32 ಗಂಟೆ ಇರಬೇಕು. ಮನೆಯ ಫ್ರಿಜ್ಜಿನ ಮೈನಸ್ 18 ಡಿಗ್ರಿಯನ್ನು ನಂಬಿ ರಾತ್ರಿ ಇಟ್ಟು ಬೆಳಿಗ್ಗೆ ತಿನ್ನುವಂತಿಲ್ಲ.

ನಮ್ಮ ಚರ್ಚೆಗೆ ನೇರವಾಗಿ ಸೇರುವ ಇನ್ನೊಂದು ಸಂಗತಿ. ಓಬ್ ನದಿಯ ಮೂಲನಿವಾಸಿಗಳಾದ ಖಾಂತಿ, ಮಾನ್ಸಿ ಜನರಲ್ಲಿ ಸೋಂಕು ಬಾಲ್ಯದಿಂದಲೇ ಇರುತ್ತದೆ, ಆದರೆ ಜ್ವರ, ಗಂಧೆಗಳ ತೀವ್ರ ಹಂತ ಅವರಲ್ಲಿ ಹೆಚ್ಚಾಗಿ ಎದ್ದು ಕಾಣುವುದಿಲ್ಲ. ತೀವ್ರವಾಗಿ ಮಲಗುವವರು ಹೊರಗಿನಿಂದ ಬಂದವರು; 1960ರ ದಶಕದಿಂದ ತೈಲ ಬಾವಿಗಳ ಕೆಲಸಕ್ಕೆ ಬಂದವರಲ್ಲಿ ಇದು ಚೆನ್ನಾಗಿ ಕಂಡುಬಂತು. ಇಲ್ಲಿ ಓದಲು ಬರುವ ನಮ್ಮಂಥ ಭಾರತೀಯ ವಿದ್ಯಾರ್ಥಿಗಳೂ ಆ ಲೆಕ್ಕದಲ್ಲಿ ಹೊಸಬರೇ. ಇಯೊಸಿನೊಫಿಲ್‌ಗಳಿಂದ ಕಣ್ಣಿಗೆ ಅಪಾಯ ಎಂಬ ವಾದ ಸರಿಯಾಗಿದ್ದರೆ, ಇಪ್ಪತ್ತು ವರ್ಷದಿಂದ ಹುಳು ಇಟ್ಟುಕೊಂಡ ಖಾಂತಿ ಮೀನುಗಾರನಿಗಿಂತ ಹಾಸ್ಟೆಲಿನಲ್ಲಿ ಗೆಳೆಯ ಕೊಟ್ಟ ಉಪ್ಪುಮೀನು ತಿಂದ ವಿದ್ಯಾರ್ಥಿಯ ಕಣ್ಣಿಗೇ ಹೆಚ್ಚು ಅಪಾಯವಿರಬೇಕಲ್ಲವೇ?

ನೇತ್ರವೈದ್ಯೆ, ಹುಬ್ಬಳ್ಳಿ:

ತರ್ಕ ಸರಿಯಾಗಿದೆ ತಮ್ಮಾ, ಮತ್ತು ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯಂತ ಉಪಯುಕ್ತವಾದ ಮಾತು ಇದೇ. ದೀರ್ಘಕಾಲದ ರೋಗಿಗಳನ್ನಷ್ಟೇ ಅಳೆದರೆ ಪರಿಣಾಮ ಕಾಣದೆ ಹೋಗಬಹುದು, ತೀವ್ರ ಹಂತದವರನ್ನಷ್ಟೇ ಅಳೆದರೆ ಇಡೀ ರೋಗಕ್ಕೇ ಅದನ್ನು ಅನ್ವಯಿಸಿಬಿಡುವ ಅಪಾಯವಿದೆ. ಎರಡನ್ನೂ ಬೇರೆಬೇರೆ ರೋಗಗಳೆಂಬಂತೆ ನೋಡಬೇಕು.

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು:

ಅಳತೆಯ ಮಾತು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. "ಕಣ್ಣಿನ ರಕ್ತಸಂಚಾರ ಕಡಿಮೆಯಾಗಿದೆ" ಎಂಬ ವಾಕ್ಯವನ್ನು ಕಂಡಾಗಲೆಲ್ಲ ಯಾವ ಯಂತ್ರದಿಂದ, ಯಾವ ನಾಳದಲ್ಲಿ, ಏನನ್ನು ಅಳೆದರು ಎಂದು ಕೇಳುವುದು ನನ್ನ ಅಭ್ಯಾಸ. ಶಬ್ದತರಂಗಗಳನ್ನು ಬಳಸುವ ಬಣ್ಣದ ಡಾಪ್ಲರ್ ಸ್ಕ್ಯಾನ್ ತೋರಿಸುವುದು ರಕ್ತದ ವೇಗವನ್ನು, ಪ್ರಮಾಣವನ್ನಲ್ಲ. ಅಕ್ಷಿಪಟಲದ ಕೇಂದ್ರ ಧಮನಿ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ಸಣ್ಣದು, ಅದರ ವ್ಯಾಸ ಆ ಯಂತ್ರಕ್ಕೆ ಸಿಗುವುದಿಲ್ಲ. ನಾಳ ಬಿಗಿದಾಗ ವೇಗ ಹೆಚ್ಚಾಗಿಯೂ ಹರಿಯುವ ರಕ್ತ ಕಡಿಮೆಯಾಗಬಹುದು. ಹೃದಯ ಸಂಕುಚಿಸುವಾಗಿನ ವೇಗದಿಂದ ಹಿಗ್ಗುವಾಗಿನ ವೇಗವನ್ನು ಕಳೆದು, ಬಂದದ್ದನ್ನು ಮೊದಲಿನ ವೇಗದಿಂದ ಭಾಗಿಸಿ ತೆಗೆಯುವ ಪ್ರತಿರೋಧ ಸೂಚ್ಯಂಕ ಸ್ವಲ್ಪ ಮೇಲು, ಏಕೆಂದರೆ ತನಿಖಾಯಂತ್ರವನ್ನು ಹಿಡಿದ ಕೋನ ಅದನ್ನು ಬಾಧಿಸುವುದಿಲ್ಲ.

ಬೆಳಕಿನಿಂದ ಕಣ್ಣಿನ ಪದರಗಳನ್ನು ಚಿತ್ರಿಸುವ ಒಸಿಟಿ ಯಂತ್ರದಲ್ಲಿ ಹೊಸದಾಗಿ ಬಂದ ಆಂಜಿಯೋಗ್ರಫಿ ಚಿತ್ರಗಳು ಬಹಳ ಸುಂದರವಾಗಿರುತ್ತವೆ, ನೋಡಿದವರು ಮರುಳಾಗುತ್ತಾರೆ. ಅದು ತೋರಿಸುವುದು ರಕ್ತ ಚಲಿಸುತ್ತಿರುವ ಸೂಕ್ಷ್ಮನಾಳಗಳ ಜಾಲವನ್ನೇ ಹೊರತು ಎಷ್ಟು ರಕ್ತ ಹರಿಯಿತು ಎಂಬುದನ್ನಲ್ಲ. ಸೋವಿಯತ್ ಕಾಲದ ಕಣ್ಣಿನ ಆಸ್ಪತ್ರೆಗಳಲ್ಲಿ ರಿಯೊ-ಆಫ್ತಾಲ್ಮೋಗ್ರಫಿ ಎಂಬ ಇನ್ನೊಂದು ವಿಧಾನವಿತ್ತು. ಕಣ್ಣಿನ ಮೇಲೆ ವಿದ್ಯುದಗ್ರವಿರುವ ಮಸೂರವನ್ನಿಟ್ಟು, ಪ್ರತಿ ನಾಡಿಬಡಿತಕ್ಕೂ ವಿದ್ಯುತ್ ಪ್ರತಿರೋಧ ಎಷ್ಟು ಬದಲಾಗುತ್ತದೆ ಎಂದು ನೋಡುತ್ತಿದ್ದರು. ಅದು ಮುಖ್ಯವಾಗಿ ಕೋರಾಯ್ಡ್‌ನ ನಾಡಿಯನ್ನು ಹಿಡಿಯುವಂಥದ್ದು. ಹಳೆಯ ಅಳತೆಯನ್ನೂ ಹೊಸದನ್ನೂ ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವುದು ಲೆಕ್ಕದ ದೃಷ್ಟಿಯಿಂದ ಅಕ್ರಮ.

ಇದಕ್ಕಿಂತ ಸರಳವಾದ ಒಂದು ಲೆಕ್ಕವಿದೆ. ಕಣ್ಣಿಗೆ ರಕ್ತವನ್ನು ತಳ್ಳುವ ಒತ್ತಡವೆಂದರೆ ಸರಾಸರಿ ರಕ್ತದೊತ್ತಡದ ಮೂರನೇ ಎರಡು ಭಾಗದಿಂದ ಕಣ್ಣಿನ ಒಳಗಿನ ಒತ್ತಡವನ್ನು ಕಳೆದದ್ದು. 120/80 ಇರುವವರ ಸರಾಸರಿ ಸುಮಾರು 93. ಅದರ ಮೂರನೇ ಎರಡು ಭಾಗ 62. ಕಣ್ಣಿನ ಒತ್ತಡ 15 ಎಂದರೆ ಉಳಿಯುವುದು 47. ಸರಾಸರಿ ರಕ್ತದೊತ್ತಡ 80ಕ್ಕೆ ಇಳಿದ ಯಕೃತ್ತಿನ ರೋಗಿಯಲ್ಲಿ ಅದೇ ಲೆಕ್ಕ 38ಕ್ಕೆ ಬರುತ್ತದೆ. ಅಂದರೆ ಕಣ್ಣಿನ ನಾಳಗಳಲ್ಲಿ ಯಾವ ದೋಷವೂ ಇಲ್ಲದೆ, ರಕ್ತದೊತ್ತಡ ತಗ್ಗಿದ್ದರಿಂದಲೇ ತಳ್ಳುವ ಬಲದಲ್ಲಿ ಐದನೇ ಒಂದು ಭಾಗದಷ್ಟು ಕಡಿತವಾಯಿತು. ರೋಗಿಯ ರಕ್ತದೊತ್ತಡವನ್ನೂ ಕಣ್ಣಿನ ಒತ್ತಡವನ್ನೂ ಅದೇ ಹೊತ್ತಿನಲ್ಲಿ ಅಳೆಯದೆ ಬರೆದ ಯಾವ ವರದಿಯನ್ನೂ ನಾನು ಗಂಭೀರವಾಗಿ ಓದುವುದಿಲ್ಲ. ವಯಸ್ಸು, ಸಿಗರೇಟು, ಸಕ್ಕರೆ ಕಾಯಿಲೆಗಳನ್ನೂ ಸರಿದೂಗಿಸಬೇಕು. ಸೈಬೀರಿಯದಲ್ಲಿ ಉಪ್ಪುಮೀನಿನ ಜೊತೆಗೆ ಮದ್ಯವೂ ಇರುವುದುಂಟು, ಅದನ್ನೂ.

ತೋಮ್ ತೀರದವ:

ಮೇಷ್ಟ್ರೇ, ಸೋಂಕಿತರನ್ನು ಆರೋಗ್ಯವಂತರೊಡನೆ ಹೋಲಿಸಿದರೆ ಇಷ್ಟೆಲ್ಲ ತೊಡಕು ಬರುವುದಾದರೆ, ಅದೇ ರೋಗಿಯನ್ನು ಚಿಕಿತ್ಸೆಯ ಮೊದಲು ಮತ್ತು ನಂತರ ಅಳೆದರೆ ಹೇಗೆ?

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು:

ಅದು ಖಂಡಿತ ಮೇಲು. ಒಬ್ಬನೇ ವ್ಯಕ್ತಿ ತನಗೆ ತಾನೇ ಹೋಲಿಕೆಯಾದರೆ ವಯಸ್ಸು, ಅಭ್ಯಾಸಗಳ ಗೊಂದಲ ಬಹುಪಾಲು ಕಳೆಯುತ್ತದೆ. ಆದರೆ ಚಿಕಿತ್ಸೆ ಮುಗಿದ ಮರುದಿನವೇ ಅಳೆಯಬಾರದು. ಸತ್ತ ಹುಳುಗಳಿಂದ ಬಿಡುಗಡೆಯಾದ ವಸ್ತುಗಳಿಗೆ ದೇಹ ಪ್ರತಿಕ್ರಿಯಿಸುತ್ತಿರುವ ಹೊತ್ತು ಅದು. ಕೆಲವು ತಿಂಗಳು ಬಿಟ್ಟು, ಮಲಪರೀಕ್ಷೆಯಲ್ಲಿ ಮೊಟ್ಟೆಯಿಲ್ಲವೆಂದು ಖಚಿತಪಡಿಸಿಕೊಂಡು, ದಿನದ ಅದೇ ಹೊತ್ತಿಗೆ, ಅದೇ ಪರೀಕ್ಷಕರಿಂದ ಅಳೆಸಬೇಕು. ಪರೀಕ್ಷಕರಿಗೆ ಯಾರು ಸೋಂಕಿತರೆಂದು ಗೊತ್ತಿರಬಾರದು.

ಜಠರತಜ್ಞ, ಮಂಗಳೂರು:

ಮಲಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮೀನು ತಿಂದು ಸುಮಾರು ನಾಲ್ಕು ವಾರಗಳಾಗುವವರೆಗೆ ಮೊಟ್ಟೆಗಳು ಮಲದಲ್ಲಿ ಕಾಣುವುದಿಲ್ಲ. ಇಯೊಸಿನೊಫಿಲ್ ಅತಿ ಹೆಚ್ಚಾಗಿರುವ, ಅಂದರೆ ನಮ್ಮ ವಾದದ ಪ್ರಕಾರ ಕಣ್ಣಿಗೆ ಅತಿ ಅಪಾಯದ ವಾರಗಳಲ್ಲಿಯೇ ಪರೀಕ್ಷೆ ಸುಳ್ಳು ಭರವಸೆ ಕೊಡಬಹುದು. ಆಗ ರಕ್ತದ ಪ್ರತಿಕಾಯ ಪರೀಕ್ಷೆಯನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ರೋಗಿ ಏನು ತಿಂದ ಎಂಬ ಪ್ರಶ್ನೆಯನ್ನೂ ಅವಲಂಬಿಸಬೇಕು. ಊರಿಗೆ ರಜೆಗೆ ಬಂದ ವಿದ್ಯಾರ್ಥಿಯೊಬ್ಬ ಜ್ವರ, ಗಂಧೆ ಎಂದು ಇಲ್ಲಿನ ವೈದ್ಯರ ಬಳಿ ಹೋದರೆ ಓಬ್ ನದಿಯ ಮೀನಿನ ಬಗ್ಗೆ ಅವರು ಕೇಳುವ ಸಂಭವವೇ ಇಲ್ಲ, ಅವನೇ ಹೇಳಬೇಕು.

ಚಿಕಿತ್ಸೆ ಪ್ರಾಜಿಕ್ವಾಂಟೆಲ್ ಎಂಬ, ಹುಳುವನ್ನು ಕೊಲ್ಲುವ ಮಾತ್ರೆ. ದೇಹತೂಕದ ಪ್ರತಿ ಕಿಲೋಗೆ 25 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಬಾರಿ ಕೊಡುವುದು ರೂಢಿಯ ಕ್ರಮ. ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಕಾರವಾರದವ:

ಹಾಗಾದರೆ ಅಲ್ಲಿ ಓದುವ ನಮ್ಮ ಹುಡುಗರು ಮುನ್ನೆಚ್ಚರಿಕೆಗೆಂದು ಆ ಮಾತ್ರೆಯನ್ನು ತಾವೇ ತೆಗೆದುಕೊಂಡರೆ ಆಗದೇ? ಕಣ್ಣಿಗೂ ಒಳ್ಳೆಯದಲ್ಲವೇ?

ನೇತ್ರವೈದ್ಯೆ, ಹುಬ್ಬಳ್ಳಿ:

ದಯವಿಟ್ಟು ಬೇಡ, ಮತ್ತು ಕಾರಣ ಕಣ್ಣೇ. ಕಣ್ಣಿನ ಒಳಗೆ ಸಿಸ್ಟಿಸರ್ಕಸ್, ಅಂದರೆ ಲಾಡಿಹುಳುವಿನ ಮರಿ ಇರುವವರಿಗೆ ಪ್ರಾಜಿಕ್ವಾಂಟೆಲ್ ನಿಷಿದ್ಧ. ಔಷಧಿಗೆ ಆ ಮರಿ ಕಣ್ಣಿನೊಳಗೇ ಸತ್ತರೆ ಉಂಟಾಗುವ ಉರಿಯೂತ ದೃಷ್ಟಿಯನ್ನು ಶಾಶ್ವತವಾಗಿ ಕಳೆದುಬಿಡಬಲ್ಲದು. ಸೈಬೀರಿಯದ ವೈದ್ಯರಿಗೆ ಸಿಸ್ಟಿಸರ್ಕೋಸಿಸ್ ಅಪರೂಪದ ರೋಗ, ಅವರು ಅದನ್ನು ಯೋಚಿಸದೆ ಹೋಗಬಹುದು. ಭಾರತದಿಂದ ಹೋದ ರೋಗಿಯಲ್ಲಿ ಅದನ್ನು ಯೋಚಿಸಲೇಬೇಕು. ಸಸ್ಯಾಹಾರಿಗೆ ಅದು ಬರುವುದಿಲ್ಲವೆಂಬ ನಂಬಿಕೆಯೂ ತಪ್ಪು, ಏಕೆಂದರೆ ಲಾಡಿಹುಳುವಿನ ಮೊಟ್ಟೆ ಬರುವುದು ಕೊಳಕು ನೀರು ಮತ್ತು ತೊಳೆಯದ ಸೊಪ್ಪಿನಿಂದ.

ಆದ್ದರಿಂದ ತೋಮ್ ತೀರದವರಿಗೆ ನನ್ನ ಸಲಹೆ ಹೀಗಿದೆ. ನಿಮ್ಮ ಅಧ್ಯಯನದಲ್ಲಿ ಭಾರತೀಯ ವಿದ್ಯಾರ್ಥಿಗಳನ್ನು ಸೇರಿಸುವುದಾದರೆ ಮಾತ್ರೆ ಕೊಡುವ ಮೊದಲೇ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ಅಂಚಿನವರೆಗೂ ನೋಡಿಸಿ. ಸೆಳವು ಅಥವಾ ಬಿಡದ ತಲೆನೋವಿನ ಇತಿಹಾಸವಿದ್ದರೆ ಮಿದುಳಿನ ಸ್ಕ್ಯಾನ್ ಕೂಡ ಬೇಕಾಗುತ್ತದೆ. ಡಾಪ್ಲರ್ ಅಳತೆಯನ್ನು ಹಿಗ್ಗಿಸುವ ಹನಿ ಹಾಕುವ ಮುನ್ನವೇ ಮುಗಿಸಿಕೊಳ್ಳಿ, ಏಕೆಂದರೆ ಕೆಲವು ಹನಿಗಳು ರಕ್ತನಾಳವನ್ನೂ ಬಿಗಿಯುತ್ತವೆ, ಆಮೇಲೆ ಬಂದ ಅಂಕಿ ಹುಳುವಿನದೋ ಹನಿಯದೋ ಎಂದು ಬೇರ್ಪಡಿಸಲಾಗದು. ಕೋರಾಯ್ಡ್‌ನ ದಪ್ಪವನ್ನು ಒಸಿಟಿಯಲ್ಲಿ ಅಳೆಯುವಾಗಲೂ ಬೆಳಿಗ್ಗೆ ಅಳೆದವರನ್ನು ಬೆಳಿಗ್ಗೆಯೇ ಮತ್ತೆ ಕರೆಯಿರಿ. ಆರೋಗ್ಯವಂತರಲ್ಲಿಯೂ ಅದು ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ.

ತೋಮ್ ತೀರದವ:

ಮೇಡಂ, ಹನಿಯ ವಿಷಯ ನನಗೆ ಹೊಳೆದಿರಲಿಲ್ಲ. ತೀವ್ರ ಹಂತದವರು ಮತ್ತು ದೀರ್ಘಕಾಲದವರು ಎಂದು ಎರಡು ಗುಂಪು ಮಾಡಿ, ಪ್ರತಿ ಬಾರಿಯೂ ರಕ್ತದೊತ್ತಡ, ಕಣ್ಣಿನ ಒತ್ತಡ, ಇಯೊಸಿನೊಫಿಲ್ ಎಣಿಕೆ, ಪಿತ್ತಾಮ್ಲ ಮತ್ತು ಎ ಜೀವಸತ್ವದ ಮಟ್ಟಗಳನ್ನು ಡಾಪ್ಲರ್ ಜೊತೆಗೇ ದಾಖಲಿಸುವ ನಮೂನೆಯನ್ನು ಸಿದ್ಧಪಡಿಸಿ ನಮ್ಮ ವಿಭಾಗದ ಪ್ರಾಧ್ಯಾಪಕರ ಮುಂದಿಡುತ್ತೇನೆ. ಅವರು ಒಪ್ಪಿದರೆ ಕರಡನ್ನು ಇಲ್ಲಿ ಹಾಕುತ್ತೇನೆ. ಗುಂಪಿನಲ್ಲಿ ಎಷ್ಟು ಜನ ಬೇಕೆಂಬ ಲೆಕ್ಕವನ್ನು ಮೇಷ್ಟ್ರು ನೋಡಿಕೊಡಬೇಕು.

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು:

ಖಂಡಿತ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ಹತ್ತು ಜನ ಆರೋಗ್ಯವಂತರ ಪ್ರತಿರೋಧ ಸೂಚ್ಯಂಕವನ್ನು ಒಂದು ವಾರದ ಅಂತರದಲ್ಲಿ ಎರಡು ಬಾರಿ ಅಳೆದು ಕಳಿಸಿ. ಏನೂ ಆಗದವರಲ್ಲಿ ಆ ಅಂಕಿ ತಾನಾಗಿಯೇ ಎಷ್ಟು ಓಲಾಡುತ್ತದೆ ಎಂದು ತಿಳಿಯದೆ ಜನರ ಸಂಖ್ಯೆಯನ್ನು ಲೆಕ್ಕಹಾಕಲು ಬರುವುದಿಲ್ಲ.